ಮೊದಲ ಕುರುಹನ್ನು ಕಂಡಿರಾ?

ಚಳಿಗಾಲ ಮುಗಿಯಿತೆಂಬುದನ್ನು ನೀವು ಯಾವುದರಿಂದ ತಿಳಿಯುತ್ತೀರಿ? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಅಷ್ಟೇನೂ ತೂಕವಿಲ್ಲ. ಕಂಬಳಿಯೊಂದನ್ನು ಮಡಚಿ ಪೆಟ್ಟಿಗೆಗೆ ಹಾಕಿದರೆ ನಮ್ಮ ಚಳಿಗಾಲ ಮುಗಿಯಿತು. ಮಾವು ಹೂಬಿಟ್ಟಿತು, ಹೊಂಗೆ ಚಿಗುರಿತು, ಮುತ್ತುಗ ಕೆಂಪಾಯಿತು ಎನ್ನುವಷ್ಟರಲ್ಲಿ ಬಿಸಿಲು ನೆತ್ತಿ ಸುಡತೊಡಗಿರುತ್ತದೆ. ಆದರೆ ಚಳಿಯೇ ಬದುಕನ್ನು ಆಳುವ ಊರುಗಳಿವೆ. ಅಲ್ಲಿಯವರಿಗೆ ಇದು ಅನ್ನದ ಪ್ರಶ್ನೆ.

ಪ್ರತಿ ವರ್ಷ ಚಳಿ ಆರಂಭವಾಗುವ ಹೊತ್ತಿಗೆ ಕಾಶ್ಮೀರದ ಶಾಲು ವ್ಯಾಪಾರಿಯೊಬ್ಬರು ನಮ್ಮೂರಿಗೆ ಬರುತ್ತಾರೆ. ಬೆನ್ನ ಮೇಲೆ ಗಂಟು ಹೊತ್ತು ಬೀದಿ ಬೀದಿ ಅಲೆದು, ಇಶಾ ನಮಾಝ್‌ಗೆ ನಮ್ಮ ಮಸೀದಿಗೆ ಬಂದು, ನಂತರ ಅಂಗಳದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತಾರೆ. ಅವರ ಉರ್ದುವಿಗೂ ನಮ್ಮ ಉರ್ದುವಿಗೂ ಬಹಳ ದೂರ. ಆದರೂ ಮಾತು ಸಾಗುತ್ತದೆ. ಅವರ ಊರಿನಲ್ಲಿ ಚಳಿಗಾಲಕ್ಕೇ ಒಂದು ಪಂಚಾಂಗವಿದೆಯಂತೆ. ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲಾ ಕಲಾನ್’, ಅಂದರೆ ದೊಡ್ಡ ಚಿಲ್ಲಾ. ಅದರ ಬೆನ್ನಿಗೆ ಇಪ್ಪತ್ತು ದಿನ ‘ಚಿಲ್ಲಾ ಖುರ್ದ್’, ಚಿಕ್ಕದು. ಆಮೇಲೆ ಹತ್ತು ದಿನ ‘ಚಿಲ್ಲಾ ಬಚ್ಚಾ’, ಮರಿ ಚಿಲ್ಲಾ. ‘ಚಿಲ್ಲಾ’ ಎಂಬ ಪದ ನಿಮಗೂ ಅಪರಿಚಿತವಲ್ಲ. ಫಾರ್ಸಿಯಲ್ಲಿ ಅದಕ್ಕೆ ನಲವತ್ತರ ಅವಧಿ ಎಂದರ್ಥ. ಸೂಫಿಗಳ ನಲವತ್ತು ದಿನದ ಏಕಾಂತವೂ ಚಿಲ್ಲಾ, ಜಮಾಅತಿನೊಂದಿಗೆ ಹೊರಡುವ ನಲವತ್ತು ದಿನವೂ ಚಿಲ್ಲಾ, ನಮ್ಮ ಉರ್ದು ಮನೆಗಳಲ್ಲಿ ಬಾಣಂತಿಯ ನಲವತ್ತು ದಿನವೂ ಚಿಲ್ಲಾ. ಕಾಶ್ಮೀರಿಗಳು ಚಳಿಯನ್ನೂ ಅದೇ ಹೆಸರಿನಿಂದ ಕರೆದಿದ್ದಾರೆ. ತಪಸ್ಸಿಗೂ ಬಾಣಂತನಕ್ಕೂ ಮಂಜಿಗೂ ಒಂದೇ ಹೆಸರು.

ಆ ನಲವತ್ತು ದಿನಗಳಲ್ಲಿ ನಲ್ಲಿಯೊಳಗಿನ ನೀರು ಗಟ್ಟಿಯಾಗುತ್ತದೆ, ದಾಲ್ ಸರೋವರದ ಅಂಚು ಹೆಪ್ಪುಗಟ್ಟುತ್ತದೆ. 2021ರ ಜನವರಿಯಲ್ಲಿ ಶ್ರೀನಗರದ ಉಷ್ಣಾಂಶ ಶೂನ್ಯಕ್ಕಿಂತ 8 ಡಿಗ್ರಿಗೂ ಕೆಳಗಿಳಿದಿತ್ತು. ಬೇಸಿಗೆಯಲ್ಲೇ ಒಣಗಿಸಿಟ್ಟ ಬದನೆ, ಸೋರೆ, ಟೊಮ್ಯಾಟೊಗಳೇ ಆಗ ತರಕಾರಿ. ಫೆರನ್ ಎಂಬ ನಿಲುವಂಗಿಯೊಳಗೆ ಕಾಂಗ್ಡಿ ಎಂಬ ಕೆಂಡದ ಬುಟ್ಟಿ ಹಿಡಿದು ಜನ ದಿನ ಎಣಿಸುತ್ತಾರೆ. ಇಂತಹ ಚಳಿಯ ಕೊನೆಯಲ್ಲಿ ಬರುವ ವಸಂತವನ್ನು ಅವರು ಹೇಗೆ ಗುರುತಿಸುತ್ತಾರೆ? ನಾನು ಕೇಳಿದಾಗ ಆ ವ್ಯಾಪಾರಿ ನಕ್ಕು, “ಪಂಚಾಂಗ ನೋಡಿ ಅಲ್ಲ” ಎಂದರು. ಫೆಬ್ರವರಿ ಮುಗಿಯುತ್ತಿರುವಾಗ ಅವರು ಮನೆಗೆ ಫೋನ್ ಮಾಡಿ ತಾಯಿಯನ್ನು ಕೇಳುವುದು ಒಂದೇ ಮಾತು: “ಯೆಂಬರ್ಜಲ್ ಬಂತೇ?” ನರ್ಗಿಸ್ ಹೂವಿಗೆ ಕಾಶ್ಮೀರಿಗಳು ಇಟ್ಟ ಹೆಸರದು. ಬಂತು ಎಂದು ತಾಯಿ ಹೇಳಿದ ವಾರದೊಳಗೆ ಅವರು ಗಂಟು ಕಟ್ಟಿ ಹೊರಡುತ್ತಾರೆ. ಮುಂದೆ ಮಾರ್ಚ್‌ನಲ್ಲಿ ಶ್ರೀನಗರದ ಹರಿಪರ್ವತದ ತಪ್ಪಲಿನ ಬಾದಾಮ್‌ವಾರಿಯಲ್ಲಿ, ಎಲೆ ಮೂಡುವ ಮೊದಲೇ ಬಾದಾಮಿ ಮರಗಳು ಮೈತುಂಬ ಹೂ ಬಿಡುತ್ತವೆ. ಆಗ ಊರಿಗೆ ಊರೇ ನೋಡಲು ಹೋಗುತ್ತದೆ. ಆದರೆ ಆಗ ಗುರುತಿಸುವುದರಲ್ಲಿ ಏನು ಹೆಚ್ಚುಗಾರಿಕೆ? ಅದು ಕುರುಡನಿಗೂ ತಿಳಿಯುವ ವಸಂತ.

ಪಂಚಾಂಗದ ಮಾತು ಬಂದುದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಹಿಜರಿ ಮಾಸಗಳಲ್ಲಿ ಎರಡಕ್ಕೆ ‘ರಬೀಅ್’ ಎಂಬ ಹೆಸರಿದೆ. ಅರಬಿಯಲ್ಲಿ ಅದು ವಸಂತ. ನಮ್ಮ ರೈತರು ಹಿಂಗಾರಿನ ಜೋಳ, ಕಡಲೆಗಳಿಗೆ ‘ರಬಿ ಬೆಳೆ’ ಎನ್ನುವುದೂ ಅದೇ ಪದದಿಂದ. ಆದರೆ ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ತಿಂಗಳು ಸೇರಿಸಿ ಮಾಸಗಳನ್ನು ಹಿಂದೆ ಮುಂದೆ ಮಾಡುವ ಪದ್ಧತಿಯನ್ನು ಇಸ್ಲಾಮ್ ನಿಷೇಧಿಸಿದ್ದರಿಂದ ನಮ್ಮ ಮಾಸಗಳು ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 2025ರಲ್ಲಿ ರಬೀಉಲ್ ಅವ್ವಲ್ ಆರಂಭವಾದುದು ಆಗಸ್ಟ್ ಕೊನೆಯಲ್ಲಿ, ನಮ್ಮ ಮಳೆಗಾಲದ ನಡುವೆ. ಹೆಸರಿನಲ್ಲಿ ವಸಂತ, ಹೊರಗೆ ಸುರಿಯುವ ಮಳೆ. ನಿಜವಾದ ವಸಂತ ಬಂತೇ ಎಂದು ತಿಳಿಯಬೇಕಾದರೆ ನಮ್ಮ ಪಂಚಾಂಗ ಉತ್ತರ ಕೊಡುವುದಿಲ್ಲ, ಕಣ್ಣು ತೆರೆದು ಹೊರಗೆ ನೋಡಬೇಕು.

ನೋಡುವುದಕ್ಕೆ ಕುರ್‌ಆನ್ ಕೊಟ್ಟಿರುವ ಸ್ಥಾನ ಸಣ್ಣದಲ್ಲ. ‘ಆಯತ್’ ಎಂಬ ಒಂದೇ ಪದವನ್ನು ಅದು ತನ್ನ ವಾಕ್ಯಗಳಿಗೂ ಬಳಸುತ್ತದೆ, ಭೂಮಿ ಆಕಾಶಗಳಲ್ಲಿರುವ ಕುರುಹುಗಳಿಗೂ ಬಳಸುತ್ತದೆ. ನಾವು ಕನ್ನಡದಲ್ಲಿ ಒಂದನ್ನು ಸೂಕ್ತವೆಂದೂ ಇನ್ನೊಂದನ್ನು ನಿದರ್ಶನವೆಂದೂ ಬೇರೆ ಬೇರೆಯಾಗಿ ಬರೆಯುತ್ತೇವೆ. ಹಾಗೆ ಬರೆದು ಬರೆದು, ಒಂದನ್ನು ಓದಿದರೆ ಸಾಕು, ಇನ್ನೊಂದನ್ನು ಓದಬೇಕಾಗಿಲ್ಲ ಎಂದುಕೊಂಡುಬಿಟ್ಟಿದ್ದೇವೆಯೋ ಏನೋ. ಸತ್ತ ನೆಲ ಮತ್ತೆ ಜೀವ ತಳೆಯುವುದನ್ನು ಕುರ್‌ಆನ್ ಹಲವೆಡೆ ಮರಣಾನಂತರದ ಪುನರುತ್ಥಾನಕ್ಕೆ ನಿದರ್ಶನವಾಗಿ ಮುಂದಿಡುತ್ತದೆ. ಈ ವಿಷಯವನ್ನು ನೀವು ಅನೇಕ ಪ್ರವಚನಗಳಲ್ಲಿ ಕೇಳಿದ್ದೀರಿ. ನಾನು ಇಂದು ಕೇಳಬೇಕೆಂದಿರುವುದು ಬೇರೆ. ಸತ್ತ ನೆಲವನ್ನು ಎಬ್ಬಿಸುವವನಲ್ಲಿ ವಿಶ್ವಾಸವಿರಿಸಿದ ನಾವು, ಸತ್ತಂತೆ ಬಿದ್ದಿರುವ ಮನುಷ್ಯ ಸಂಬಂಧವೊಂದರಲ್ಲಿ ಮೊದಲ ಚಿಗುರು ಕಂಡಾಗ ಅದನ್ನು ನಂಬುತ್ತೇವೆಯೇ? ನಂಬಬೇಕೇ?

ಈ ಎರಡನೆಯ ಪ್ರಶ್ನೆ ಸುಲಭದ್ದಲ್ಲ. ಏಕೆಂದರೆ ಸುಳ್ಳು ವಸಂತಗಳೂ ಇರುತ್ತವೆ. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಇಳಿಜಾರುಗಳಲ್ಲಿ ಹಿಮವೇ ಇರಲಿಲ್ಲ, ಹುಲ್ಲು ಮಣ್ಣು ಕಾಣುತ್ತಿತ್ತು. ಹಿತವಾದ ಬಿಸಿಲು. ತಿಳಿಯದವನಿಗೆ ಅದು ವಸಂತ. ಆದರೆ ಅಲ್ಲಿನ ರೈತನಿಗೆ ಅದು ಭಯ, ಏಕೆಂದರೆ ಬೆಟ್ಟದ ಹಿಮವೇ ಬೇಸಿಗೆಯಲ್ಲಿ ಅವನ ಭತ್ತದ ಗದ್ದೆಗೆ ನೀರು. ಇನ್ನು ಬಾದಾಮಿಯ ಕಥೆ ಕೇಳಿ. ಬೆಚ್ಚನೆಯ ನಾಲ್ಕು ದಿನ ನಂಬಿ ಬೇಗ ಅರಳಿದ ಹೂವಿನ ಮೇಲೆ ಶೂನ್ಯಕ್ಕಿಂತ ಎರಡು ಮೂರು ಡಿಗ್ರಿ ಕೆಳಗಿನ ಒಂದು ರಾತ್ರಿ ಹಾದುಹೋದರೆ ಆ ವರ್ಷದ ಫಸಲಿಗೆ ಪೆಟ್ಟು ಬೀಳುತ್ತದೆ. ಹೀಗಾಗಿ ತೋಟಗಾರ ಮೊದಲ ಕುರುಹನ್ನು ಅನುಮಾನದಿಂದಲೇ ನೋಡುತ್ತಾನೆ. ಅವನ ಅನುಮಾನಕ್ಕೆ ಕಾರಣವಿದೆ.

ಆದರೆ ಅದೇ ಬಾದಾಮಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ವಸಂತದಲ್ಲಿ ಅರಳುವ ಹೂವಿನ ಮೊಗ್ಗು ಕೊಂಬೆಯಲ್ಲಿ ರೂಪುಗೊಳ್ಳುವುದು ಹಿಂದಿನ ಬೇಸಿಗೆಯಲ್ಲೇ. ಎಲೆ ಉದುರಿ ಮರ ಸತ್ತಂತೆ ನಿಂತಾಗಲೂ ಅದು ಅಲ್ಲಿಯೇ ಇರುತ್ತದೆ. ಅಷ್ಟೇ ಅಲ್ಲ, ನಿರ್ದಿಷ್ಟ ಪ್ರಮಾಣದ ಚಳಿಯನ್ನು ಉಂಡ ಹೊರತು ಆ ಮೊಗ್ಗಿನ ನಿದ್ದೆ ಸರಿಯಾಗಿ ಹರಿಯುವುದಿಲ್ಲ. ಚಳಿ ಅದರ ಶತ್ರುವೆಂದು ನಾವು ತಿಳಿದಿದ್ದೆವು. ಅದು ಚಳಿಯನ್ನು ಗಂಟೆ ಗಂಟೆಗೆ ಲೆಕ್ಕವಿಡುತ್ತಿತ್ತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳದೆ ಈ ಲೇಖನ ಬರೆಯುವುದು ಅಪ್ರಾಮಾಣಿಕತೆಯಾಗುತ್ತದೆ. ತಂದೆಯವರು ತೀರಿಹೋದ ಮೇಲೆ ಮನೆಯ ಮುಂಭಾಗದ ಅಂಗಡಿ ಕೋಣೆಯ ವಿಷಯದಲ್ಲಿ ನನಗೂ ನನ್ನ ಅಣ್ಣನಿಗೂ ಮಾತು ನಿಂತಿತು. ಆರು ವರ್ಷ. ಒಂದೇ ಬೀದಿಯಲ್ಲಿ ವಾಸ, ಒಂದೇ ಮಸೀದಿಯಲ್ಲಿ ನಮಾಝ್. ಅವರು ಬಲಬದಿಯ ಸಫ್ಫಿನಲ್ಲಿ ನಿಂತರೆ ನಾನು ಎಡಬದಿಗೆ ಹೋಗುತ್ತಿದ್ದೆ. ಸಹೋದರನೊಡನೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದೆಂಬ, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾನು ಮಕ್ಕಳಿಗೆ ಕಲಿಸುತ್ತಿದ್ದೆ. ಕಲಿಸುತ್ತಲೇ ಇದ್ದೆ.

ಒಂದು ಶುಕ್ರವಾರ ಜುಮಾ ನಡೆಯುತ್ತಿರುವಾಗ ಜೋರು ಮಳೆ ಬಂತು. ಹೊರಬಂದಾಗ ಮೆಟ್ಟಿಲ ಮೇಲಿದ್ದ ಎಲ್ಲರ ಚಪ್ಪಲಿಗಳೂ ತೊಯ್ದು ಹೋಗಿದ್ದವು. ನನ್ನವು ಮಾತ್ರ ಜಗುಲಿಯ ಒಳಗೆ, ಗೋಡೆಗೆ ಆನಿಸಿ, ಒಣಗಿಯೇ ಇದ್ದವು. ಪಕ್ಕದಲ್ಲಿ ಅಣ್ಣನವು. ಯಾರು ಎತ್ತಿಟ್ಟರೆಂದು ನನಗೆ ತಿಳಿಯದೆ ಇರಲಿಲ್ಲ. ನನ್ನ ಹೃದಯ ಒಂದು ಕ್ಷಣ ಕರಗಿದ್ದೂ ನಿಜ. ಮರುಕ್ಷಣವೇ ಬುದ್ಧಿ ಹೇಳಿತು: ‘ಯಾರೋ ಹುಡುಗರು ಎತ್ತಿಟ್ಟಿರಬೇಕು. ಹೋಗಿ ಮಾತನಾಡಿಸಿ, ಅವರು ಮುಖ ತಿರುಗಿಸಿದರೆ?’ ನಾನು ತೋಟಗಾರನ ಎಚ್ಚರಿಕೆಯನ್ನು ವಹಿಸಿದೆ. ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ.

ಅದೇ ವರ್ಷ ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಆಸ್ಪತ್ರೆಯಲ್ಲಿ ನಾನು ಸಲಾಮ್ ಹೇಳಿದಾಗ ಅವರ ತುಟಿ ಅಲುಗಿತು. ಉತ್ತರ ಹೊರಗೆ ಬರಲಿಲ್ಲ.

ತೋಟಗಾರನ ಲೆಕ್ಕ ನನಗೇಕೆ ಅನ್ವಯಿಸಲಿಲ್ಲ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಬಾದಾಮಿ ಮೋಸ ಹೋದರೆ ವರ್ಷದ ಫಸಲು ಹೋಗುತ್ತದೆ. ಅಂದು ನಾನು ಮೋಸ ಹೋಗಿದ್ದರೆ ಏನು ಹೋಗುತ್ತಿತ್ತು? ಜನರ ಮುಂದೆ ಒಂದು ಕ್ಷಣದ ಪೆಚ್ಚುತನ. ಅದನ್ನು ಉಳಿಸಿಕೊಳ್ಳಲು ಏನನ್ನು ಕೊಟ್ಟೆ ಎಂಬುದು ಈಗ ಗೊತ್ತಾಗಿದೆ. ನಂಬಿದರೆ ಕಳೆಯುವುದೆಷ್ಟು, ನಂಬದಿದ್ದರೆ ಕಳೆಯುವುದೆಷ್ಟು ಎಂದು ತೂಗದೆ, ಎಚ್ಚರಿಕೆಯನ್ನೇ ಬುದ್ಧಿವಂತಿಕೆ ಎಂದುಕೊಳ್ಳುವುದು ನಮ್ಮಲ್ಲಿ ಬಹಳ ಜನರ ರೋಗ.

ಇದರ ಅರ್ಥ ಕಂಡ ಕುರುಹನ್ನೆಲ್ಲ ನಂಬಿ ಎಂದಲ್ಲ. ವರ್ಷಗಟ್ಟಲೆ ಹೊಡೆದು ಬಡಿದ ಗಂಡ ಒಂದು ಸಂಜೆ ಮಲ್ಲಿಗೆ ತಂದುಕೊಟ್ಟನೆಂದು, ‘ಅವನು ಬದಲಾಗಿದ್ದಾನೆ, ಹೋಗಮ್ಮಾ’ ಎಂದು ತವರಿಗೆ ಬಂದ ಮಗಳನ್ನು ತಳ್ಳುವ ಹಿರಿಯರನ್ನು ನಾನು ನೋಡಿದ್ದೇನೆ. ಅಲ್ಲಿ ಮೋಸ ಹೋದರೆ ಕಳೆಯುವುದು ಮಾನವಲ್ಲ, ಕೆಲವೊಮ್ಮೆ ಪ್ರಾಣ. ಅಲ್ಲಿ ಪೂರ್ತಿ ಬೇಸಿಗೆ ಬರುವವರೆಗೆ ಕಾಯಬೇಕು. ಕಾಯಿರಿ ಎಂದು ಆ ಮಗಳ ಪರವಾಗಿ ಹಿರಿಯರೇ ಹೇಳಬೇಕು. ಮಲ್ಲಿಗೆಗೆ ಅವನು ತೆತ್ತದ್ದು ಹತ್ತಿಪ್ಪತ್ತು ರೂಪಾಯಿ. ಕುರುಹು ಕೊಡುವವನಿಗೆ ಅದು ಎಷ್ಟು ಭಾರವಾಗಿತ್ತು, ಎಷ್ಟು ಚಳಿ ಉಂಡು ಅದು ಹೊರಬಂತು ಎಂಬುದು ಒಂದು ಅಳತೆ. ಆರು ವರ್ಷದ ಅಭಿಮಾನವನ್ನು ಬದಿಗಿಟ್ಟು ಬಾಗಿ ತಮ್ಮನ ಚಪ್ಪಲಿ ಎತ್ತುವುದು ಹಿರಿಯಣ್ಣನಿಗೆ ಎಷ್ಟು ಭಾರವಾಗಿದ್ದೀತು!

ಯಾಕೂಬ್(ಅ)ರ ಕಥೆಯಲ್ಲಿ ಎರಡು ಅಂಗಿಗಳು ಬರುವುದನ್ನು ನೀವು ಗಮನಿಸಿರಬಹುದು. ಮೊದಲನೆಯದು ಮಕ್ಕಳು ಸುಳ್ಳು ರಕ್ತ ಬಳಿದು ತಂದ ಅಂಗಿ. ಅವರು ಅದನ್ನು ನಂಬಲಿಲ್ಲ. ಅಳುತ್ತಾ ಬಂದ ಅಷ್ಟು ಮಕ್ಕಳ ಸಾಕ್ಷ್ಯವನ್ನೂ ನಂಬಲಿಲ್ಲ. ಎರಡನೆಯದು ವರ್ಷಗಳ ನಂತರ ಈಜಿಪ್ಟಿನಿಂದ ಹೊರಟ ಅಂಗಿ. ಸಾರ್ಥ ಇನ್ನೂ ದೂರದ ದಾರಿಯಲ್ಲಿದ್ದಾಗಲೇ ಅವರಿಗೆ ಯೂಸುಫ್(ಅ)ರ ಪರಿಮಳ ಬಂತು. ಬಳಿಯಿದ್ದವರು ಮುದುಕನ ಹಳೆಯ ಭ್ರಮೆ ಎಂದರು. ಕಣ್ಣಿದ್ದವರಿಗೆ ಏನೂ ಕಾಣಲಿಲ್ಲ. ಅತ್ತು ಅತ್ತು ಕಣ್ಣು ಕಳೆದುಕೊಂಡವರಿಗೆ ಮೊದಲು ತಿಳಿಯಿತು. ಸುಳ್ಳು ಕುರುಹನ್ನು ತಳ್ಳಿದವರೂ ನಿಜವಾದ ಕುರುಹನ್ನು ಹಿಡಿದವರೂ ಒಬ್ಬರೇ. ಈ ಎರಡರ ನಡುವೆ ಅವರು ಮಾಡದೆ ಉಳಿದ ಕೆಲಸವೊಂದಿದೆ: ಮಗನ ಲೆಕ್ಕವನ್ನು ಮುಗಿಸಿ ಪುಸ್ತಕ ಮುಚ್ಚಲಿಲ್ಲ. ನಿರಾಶರಾಗದೆ ಹೋಗಿ ಹುಡುಕಿರೆಂದು, ಮೋಸ ಮಾಡಿದ ಅದೇ ಮಕ್ಕಳನ್ನು ಕಳುಹಿಸಿದರು. ನಾನು ಅಣ್ಣನ ಪುಸ್ತಕವನ್ನು ಮುಚ್ಚಿಟ್ಟಿದ್ದೆ. ಮುಚ್ಚಿದ ಪುಸ್ತಕಕ್ಕೆ ಹೊಸ ಸಾಲು ಸೇರುವುದು ಹೇಗೆ?

ನಿಮ್ಮ ಮನೆಯನ್ನು ಒಮ್ಮೆ ನೋಡಿ. ನಮಾಝ್ ಬಿಟ್ಟು ತಿರುಗುವ ಮಗ ಅಝಾನ್ ಕೇಳಿದಾಗ ಟಿ.ವಿ.ಯ ಸದ್ದನ್ನು ಸ್ವಲ್ಪ ತಗ್ಗಿಸಿರಬಹುದು. ‘ನಿಮ್ಮ ಮನೆ’ ಎನ್ನುತ್ತಿದ್ದ ಸೊಸೆ ಯಾವುದೋ ಮಾತಿನ ನಡುವೆ ‘ನಮ್ಮ ಮನೆ’ ಎಂದಿರಬಹುದು. ಮಗ ಟಿ.ವಿ. ಆರಿಸಲಿಲ್ಲವಲ್ಲ ಎಂದು ನೀವು ಗದರಿದರೆ ನಾಳೆ ಅವನು ಸದ್ದು ಏರಿಸುತ್ತಾನೆ. ಹಾಗೆಂದು ಮೊದಲ ಮೊಗ್ಗನ್ನು ಕಂಡ ಸಂಭ್ರಮದಲ್ಲಿ ಅದನ್ನು ಬಿಡಿಸಿ ನೋಡಲೂ ಹೋಗಬೇಡಿ. ‘ಈಗ ದಾರಿಗೆ ಬಂದೆಯಾ’ ಎಂಬ ಒಂದು ಮಾತು ಸಾಕು, ಅದು ಬಾಡಲು.

ಕಳೆದ ಬಾರಿ ಶಾಲು ವ್ಯಾಪಾರಿ ಹೊರಡುವ ಮುನ್ನ ಅಣ್ಣನಿಗೆಂದು ಅವರಿಂದ ಬೂದು ಬಣ್ಣದ ಶಾಲೊಂದನ್ನು ಕೊಂಡೆ. ಶುಕ್ರವಾರಗಳಂದು ಅದನ್ನು ಹೊದಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ ನಾನೇ ಮಸೀದಿಗೆ ಕರೆದೊಯ್ಯುತ್ತೇನೆ. ನಾವೀಗ ಒಂದೇ ಬದಿಯ ಸಫ್ಫಿನಲ್ಲಿರುತ್ತೇವೆ. ದಾರಿಯಲ್ಲಿ ನಾನು ಮಾತನಾಡುತ್ತೇನೆ, ಅವರು ಕೇಳುತ್ತಾರೆ. ಮೆಟ್ಟಿಲ ಬಳಿ ಅವರ ಚಪ್ಪಲಿ ಬಿಚ್ಚಿ ಜಗುಲಿಯ ಒಳಗೆ, ಗೋಡೆಗೆ ಆನಿಸಿ ಇಡುತ್ತೇನೆ. ಅವರು ನೋಡುತ್ತಿರುತ್ತಾರೆ.