ಇಂದಿನ ಧಮ್ಮ ಚಿಂತನೆ: ಸುತ್ತಿಗೆ ಎತ್ತುವ ಮೊದಲು



ಇಂದಿನ ಚಿಂತನೆ ಬರೆಯುವ ಪಾಳಿ ನನ್ನದು. ನಾನು ಸಿಂದಗಿಯಲ್ಲಿ ಸೈಕಲ್ ರಿಪೇರಿ ಮಾಡಿ ಬದುಕುವವನು. ನಿಮ್ಮಷ್ಟು ಓದಿಲ್ಲ. ಹೀಗಾಗಿ ನನಗೆ ಗೊತ್ತಿರುವ ಕೆಲಸದಿಂದಲೇ ಸುರು ಮಾಡುತ್ತೇನೆ.

ಬಸವನ ಬಾಗೇವಾಡಿ ಕಡೆ, ಡೋಣಿ ಹೊಳೆಯ ದಂಡೆಯ ಹಳ್ಳಿಯಲ್ಲಿ ನಮ್ಮ ಉಪಾಸಕ ಕಾಕಾ ಒಬ್ಬರಿದ್ದಾರೆ. ಮೊಣಕಾಲು ನೋವು. ಪುಣೆಯಲ್ಲಿ ದುಡಿಯುವ ಮಗ ಅವರ ಹಳೆಯ ಸೈಕಲ್ಲಿಗೆ ಬ್ಯಾಟರಿ ಮೋಟರ್ ಹಾಕಿಸಿಕೊಟ್ಟಿದ್ದ. ಅದು ಚಕ್ರದಲ್ಲಿ ಕೂಡುವ ಮೋಟರ್ ಅಲ್ಲ. ಎರಡು ಪೆಡಲ್‌ಗಳ ನಡುವೆ, ಫ್ರೇಮಿನ ಬುಡದ ಉಕ್ಕಿನ ಕೊಳವೆಯೊಳಗೆ ತೂರಿ ಕೂಡುವಂಥದ್ದು. ಅದರ ಮೇಲೆಯೇ ಅವರು ಭಾನುವಾರ ವಂದನೆಗೆ ಬರುತ್ತಿದ್ದರು. ಒಂದು ದಿನ ಮೋಟರ್ ಕರಕರ ಅನ್ನತೊಡಗಿತು. ಒಳಗಿನ ಗಿಯರಿನ ಹಲ್ಲು ಸವೆದಿರಬೇಕು. ಬಿಚ್ಚಿ ನೋಡಲು ಮೊದಲು ಅದನ್ನು ಫ್ರೇಮಿನಿಂದ ಹೊರಗೆ ತೆಗೆಯಬೇಕು.

ಬ್ಯಾಟರಿ ತೆಗೆದಿಟ್ಟೆ. ಪುಲ್ಲರ್ ಹಾಕಿ ಎರಡೂ ಕ್ರ್ಯಾಂಕ್ ಎಳೆದೆ. ಎಡಗಡೆಯ ದೊಡ್ಡ ನಟ್ಟು ಬಿಚ್ಚಿದೆ. ಇಷ್ಟಾದ ಮೇಲೆ ಮೋಟರ್ ಬಲಗಡೆಗೆ ಜಾರಿ ಬರಬೇಕು. ಕೂದಲೆಳೆಯಷ್ಟೂ ಅಲುಗಲಿಲ್ಲ.

ಕಾರಣ ಇಷ್ಟೇ. ಫ್ರೇಮು ಉಕ್ಕು, ಮೋಟರಿನ ಮೈ ಅಲ್ಯೂಮಿನಿಯಂ. ಈ ಎರಡು ಲೋಹ ಒಂದಕ್ಕೊಂದು ತಾಗಿ ಕೂತು ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ನೀರು ಉಪ್ಪಾಗಿದ್ದರೆ ಇನ್ನೂ ಬೇಗ. ಡೋಣಿಯ ನೀರು ಸವುಳು ಎಂಬುದು ನಿಮಗೆಲ್ಲ ಗೊತ್ತು. ಆ ಪುಡಿ ಮೊದಲಿನ ಲೋಹಕ್ಕಿಂತ ಹೆಚ್ಚು ಜಾಗ ಹಿಡಿದು ಬೆಣೆಯಂತೆ ಬಿಗಿಯುತ್ತದೆ. ಕೂಡಿಸುವಾಗ ಗ್ರೀಸ್ ಹಚ್ಚಿದ್ದರೆ ಹೀಗಾಗುತ್ತಿರಲಿಲ್ಲ.

ನನ್ನ ಅಂಗಡಿಯಲ್ಲಿ ಕೆಲಸ ಕಲಿಯುವ ಅಕ್ಕನ ಮಗ, "ಮಾಮಾ, ಸುತ್ತಿಗಿ ಕೊಡ್ರಿ, ಎರಡ ಏಟಿಗೆ ಹೊರಗ ಬರ್ತದ" ಅಂದ.

"ಬರ್ತದೋ ತಮ್ಮಾ. ಆದ್ರ ಮುಂದ ಕೂಡ್ಸಾಕ ಏನೂ ಉಳಿಯಂಗಿಲ್ಲ" ಅಂದೆ.

ಅಲ್ಯೂಮಿನಿಯಂ ಮೆತ್ತನೆಯ ಲೋಹ. ಅದರ ತುದಿಗೆ ನೇರ ಸುತ್ತಿಗೆಯಿಂದ ಬಡಿದರೆ ತುದಿ ಅಣಬೆಯಂತೆ ಹರಡುತ್ತದೆ. ಹರಡಿದ ತುದಿ ಕೊಳವೆಯೊಳಗಿಂದ ದಾಟುವುದೇ ಇಲ್ಲ. ಅಂದರೆ ಬಡಿದಷ್ಟೂ ಅದು ಗಟ್ಟಿಯಾಗಿ ಕೂಡುತ್ತದೆ.

ಐದು ದಿನ ಹಿಡಿಯಿತು. ಸೈಕಲ್ಲನ್ನು ಅಡ್ಡ ಮಲಗಿಸಿ ಮುಂಜಾನೆ-ಸಂಜೆ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಹನಿಸಿದೆ. ಮಗ್ಗಲು ಬದಲಿಸಿ ಮತ್ತೆ ಹನಿಸಿದೆ. ಬರ್ಫ ತಂದು ಕಟ್ಟಿದೆ. ತಂಪಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ, ಅಷ್ಟು ಸಡಿಲಾಗುತ್ತದೆ. ಜಾಲಿ ಕಟ್ಟಿಗೆಯ ತುಂಡಿಗೆ ತೂತು ಕೊರೆದು, ನಡುವಿನ ಅಚ್ಚಿಗೆ ಏಟು ಬೀಳದಂತೆ ಇಟ್ಟು, ಅದರ ಮೇಲೆ ಮೆಲ್ಲಗೆ ಬಡಿದೆ. ಐದನೆಯ ದಿನ 'ಟಕ್' ಅಂತ ಒಂದು ಸಪ್ಪಳ. ಬಿಳಿ ಪುಡಿ ಉದುರಿತು.

ಆ ಸಪ್ಪಳ ಕೇಳಿದಾಗ ನನಗೆ ಖುಷಿಯಾಗಲಿಲ್ಲ. ಅವ್ವ ನೆನಪಾದಳು.

ದೀಕ್ಷೆ ತೆಗೆದುಕೊಂಡಾಗ ನನಗೆ ಸಣ್ಣ ವಯಸ್ಸು, ಬಿಸಿ ರಕ್ತ. ಅವ್ವ ಕಸ ತೆಗೆಯಲು ಹೊಲಕ್ಕೆ ಹೋದ ಹೊತ್ತು ನೋಡಿ ಜಗಲಿಯ ಮೇಲಿನ ಎಲ್ಲಮ್ಮನ ಹಿತ್ತಾಳೆ ಮುಖ, ಪಡಲಗಿ ಎಲ್ಲವನ್ನೂ ಚೀಲಕ್ಕೆ ತುಂಬಿ ಬಾವಿಗೆ ಎಸೆದೆ. ಅವ್ವ ಬಂದಳು, ನೋಡಿದಳು, ಏನೂ ಅನ್ನಲಿಲ್ಲ. ರೊಟ್ಟಿ ಬಡಿದು ನನಗೆ ಹಾಕಿದಳು. ತಾನು ಉಣ್ಣಲಿಲ್ಲ. ಮುಂದೆ ಸಾಯುವತನಕ ವಿಹಾರದ ಹೊಸ್ತಿಲು ತುಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ಅವಳ ದಿಂಬಿನೊಳಗೆ ಅರಿಶಿಣದ ದಾರ ಸಿಕ್ಕಿತು. ನನಗೆ ಕಾಣದಂತೆ ಹೊಲಿದಿಟ್ಟಿದ್ದಳು. ಅಂಜಿಕೆ ಬಿಡಿಸಲು ಬಂದ ಧಮ್ಮ ನನ್ನ ಕೈಯಲ್ಲಿ ನನ್ನ ಅವ್ವನಿಗೇ ಅಂಜಿಕೆಯಾಗಿತ್ತು.

ಮಜ್ಝಿಮ ನಿಕಾಯದ 20ನೆಯದಾದ ವಿತಕ್ಕಸಂಠಾನ ಸುತ್ತದಲ್ಲಿ ಕೆಟ್ಟ ಯೋಚನೆಗಳನ್ನು ಬಿಡಿಸುವ ಐದು ದಾರಿಗಳನ್ನು ಭಗವಾನರು ಹೇಳುತ್ತಾರೆ. ಮೊದಲನೆಯದು ಬಡಿಗನ ಉಪಮೆ: ಸಣ್ಣ ಗೂಟವಿಟ್ಟು ದಪ್ಪ ಗೂಟವನ್ನು ಹೊರಗೆ ಹಾಕುವುದು. ಅಂದರೆ ಒಳ್ಳೆಯದನ್ನು ತಂದು ಕೆಟ್ಟದ್ದನ್ನು ಸರಿಸುವುದು. ಹಲ್ಲು ಕಚ್ಚಿ ಬಲದಿಂದ ಅದುಮುವುದು ಕೊನೆಯದು, ಐದನೆಯದು. ಬಲ ಬೇಡವೆಂದು ಅವರು ಹೇಳಲಿಲ್ಲ, ಅದನ್ನು ಕೊನೆಗಿಟ್ಟರು. ಆ ಬಲವೂ ಸ್ವಂತ ಮನಸ್ಸಿನ ಮೇಲೆ, ಮತ್ತೊಬ್ಬರ ಮೇಲಲ್ಲ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಗಮನಿಸಿ. ಎಲ್ಲವನ್ನೂ ನಾವು 'ನಾನು' ಎಂದೇ ಹೇಳುತ್ತೇವೆ. ನಾನು ಅವನ್ನು ಅವ್ವನ ಪರವಾಗಿ ಪಾಲಿಸಲು ಹೊರಟಿದ್ದೆ.

ಅಪ್ಪ ಸತ್ತಾಗ, ಎರಡು ಕೂಸು ಹೋದಾಗ, ಅವ್ವನಿಗೆ ಅಳಲು ಇದ್ದದ್ದು ಆ ಜಗಲಿ ಒಂದೇ. ನಾನು ದಪ್ಪ ಗೂಟ ಕಿತ್ತೆ. ಸಣ್ಣ ಗೂಟ ನನ್ನ ಕೈಯಲ್ಲಿ ಇರಲೇ ಇಲ್ಲ. ಒಂದು ಸಂಜೆಯೂ ಅವಳ ಹತ್ತಿರ ಕೂತು ಧಮ್ಮ ಅಂದರೆ ಏನೆಂದು ಹೇಳಿರಲಿಲ್ಲ.

ಕಳೆದ ಭಾನುವಾರ ಇದನ್ನು ಹೇಳಿದಾಗ ಇಂಡಿಯಿಂದ ಬಂದಿದ್ದ ಒಬ್ಬ ತಮ್ಮ ಎದ್ದು ನಿಂತು ಕೇಳಿದ: "ಅಣ್ಣಾರ, ತಾಳ್ರಿ ತಾಳ್ರಿ ಅಂತ ಸಾವಿರ ವರ್ಷ ನಮಗ ಹೇಳ್ಯಾರ. ಈಗ ನೀವೂ ಅದನ್ನೇ ಹೇಳ್ತೀರೇನು?"

ಪ್ರಶ್ನೆ ಸರಿಯಾಗಿದೆ. ನನಗೆ ಹೊಳೆದ ಉತ್ತರ ಇದು: ಬೀಗ ಬೇರೆ, ತುಕ್ಕು ಬೇರೆ. ಮಹಾಡದ ಕೆರೆಗೆ ತುಕ್ಕು ಹಿಡಿದಿರಲಿಲ್ಲ, ಅಲ್ಲಿ ಬೀಗ ಹಾಕಿದವರು ಎದುರಿಗೇ ನಿಂತಿದ್ದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಎಣ್ಣೆ ಹನಿಸುತ್ತ ಕೂಡಲಿಲ್ಲ, ನಡೆದು ಹೋಗಿ ನೀರು ಕುಡಿದರು. ಅನ್ಯಾಯ ಅನುಭವಿಸುವವನಿಗೆ ತಾಳ್ಮೆಯ ಪಾಠ ಹೇಳುವುದು ಧಮ್ಮವಲ್ಲ. ಆದರೆ ನಮ್ಮವರ ಮನಸ್ಸಿನಲ್ಲಿ ಕೂತದ್ದು ತುಕ್ಕು. ಅವರನ್ನು ಸವುಳು ನೀರಿನಲ್ಲಿ ನಿಲ್ಲಿಸಿದವರು ಬೇರೆಯವರು. ಅದಕ್ಕೆ ಅವರನ್ನೇ ಬಡಿದರೆ ಹೇಗೆ? 1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಆ ವರ್ಷಗಳಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. ಓದಿದರು, ಬರೆದರು, ಜನರಿಗೆ ತಿಳಿಹೇಳಿದರು. ತಾಳ್ಮೆ ಎಂದರೆ ಕೈಕಟ್ಟಿ ಕೂಡುವುದಲ್ಲ. ದಿನಕ್ಕೆ ಎರಡು ಸಲ ಹನಿಸುವ ಎಣ್ಣೆ ಅದು.

ಕಾಕಾರ ಮೋಟರಿಗೆ ಹೊಸ ಗಿಯರ್ ಹಾಕಿ, ಕೊಳವೆ ಉಜ್ಜಿ, ಗ್ರೀಸ್ ಹಚ್ಚಿ ಕೂಡಿಸಿದ್ದೇನೆ. ಈಗ ನನ್ನ ಮನೆಗೆ ಮುದ್ದೇಬಿಹಾಳ ಕಡೆಯ ಸೊಸೆ ಬಂದಿದ್ದಾಳೆ. ಟ್ರಂಕಿನಲ್ಲಿ ಒಂದು ಸಣ್ಣ ದೇವರ ಫೋಟೊ ತಂದಿದ್ದಾಳೆ. ಮಗ ನನ್ನ ಮುಖ ನೋಡಿದ. ಇರಲಿ ಬಿಡು ಅಂದೆ. ಹೋದ ಹುಣ್ಣಿಮೆಗೆ ನಾವು ವಂದನೆಗೆ ಕೂತಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಗಿದ ಮೇಲೆ, "ಮಾಮಾರ, ಅದರ ಅರ್ಥ ಏನ್ರಿ?" ಅಂತ ಕೇಳಿದಳು. ಕೂಡಿಸಿಕೊಂಡು ಹೇಳಿದೆ. ಮುಂದೆ ಅವಳು ಬಂದು ಕೂಡುತ್ತಾಳೋ ಇಲ್ಲವೋ, ಅದು ಅವಳ ನಿರ್ಧಾರ. ಆ ಫೋಟೊ ಅವಳು ಬಚ್ಚಿಡುವಂತೆ ಮಾತ್ರ ನಾನು ಮಾಡಲಾರೆ.

ಇಂದಿನ ಅಭ್ಯಾಸ: ನಿಮ್ಮ ಮನೆಯಲ್ಲಿ ಯಾರಾದರೂ ನಿಮಗೆ ಅಂಜಿ ಏನಾದರೂ ಬಚ್ಚಿಟ್ಟಿದ್ದಾರೆಯೇ? ಹುಡುಕಬೇಡಿ. ಇವತ್ತು ಸಂಜೆ ಅವರ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ.

ನಮೋ ಬುದ್ಧಾಯ. ಜೈ ಭೀಮ್.