ಕಿಟ್ಟದ ಕೆಳಗಣ ಬೆಸುಗೆ

ಕಬ್ಬಿನ ಕಟಾವಿಗೆ ಮುಂಚಿನ ದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ರಸ್ತೆಯ ಬದಿಯಲ್ಲಿ ಸಂಜೆಯ ಹೊತ್ತು ಸಾಗುವವರು ಕಣ್ಣು ಕೋರೈಸುವ ನೀಲಿಯ ಬೆಳಕನ್ನು ಕಾಣದೆ ಇರಲಾರರು. ತಗಡಿನ ಮಾಡಿನ ಚಿಕ್ಕ ಅಂಗಡಿ; ಒಳಗೊಂದು ವೆಲ್ಡಿಂಗ್ ಯಂತ್ರ; ಹೊರಗೆ ಸರದಿ ಕಾದು ನಿಂತ ಟ್ರ್ಯಾಕ್ಟರಿನ ಟ್ರೈಲರು, ಟೈರುಗಾಡಿಯ ಮೂಕಿ, ಮುರಿದ ನೇಗಿಲು, ಆಲೆಮನೆಯ ಕೊಪ್ಪರಿಗೆ. ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಸ್ಥಾಪಿತವಾದಂದಿನಿಂದ ಕಬ್ಬನ್ನೇ ನೆಚ್ಚಿ ಬೆಳೆದ ಸೀಮೆಯಿದು. ಹಿಂದೆ ಊರ ಕಮ್ಮಾರನ ಕುಲುಮೆಯಲ್ಲಿ ಆಗುತ್ತಿದ್ದ ಕೆಲಸದ ಬಹುಭಾಗವು ಈಗ ಇಂತಹ ಅಂಗಡಿಗಳಲ್ಲಿ ಆಗುತ್ತಿದೆ. ಹೆಗಲಿಗೆ ತಗುಲಿಸಿಕೊಂಡು ಹೋಗುವಷ್ಟು ಹಗುರವಾದ ಇನ್ವರ್ಟರ್ ಯಂತ್ರಗಳು ಬಂದ ಮೇಲೆ ಮನೆಯ ಜಗುಲಿಯಲ್ಲಿಯೂ ಆಗುತ್ತಿದೆ.

ಈ ಕೆಲಸವೂ ಕಾಯಕವೇ ಎಂಬುದರಲ್ಲಿ ಸಂದೇಹವಿಲ್ಲ. ಮಡಿವಾಳ ಮಾಚಯ್ಯನ ಬಟ್ಟೆ, ಮೇದರ ಕೇತಯ್ಯನ ಬುಟ್ಟಿ, ನುಲಿಯ ಚಂದಯ್ಯನ ಹಗ್ಗಗಳಿಗೆ ಸಂದ ಗೌರವವು ಬೆಸೆದ ಕಬ್ಬಿಣಕ್ಕೆ ಸಲ್ಲದೆ ಹೋಗಲು ಕಾರಣವೇನಿದೆ? ಆದರೂ ಕೆಲವು ಸದ್ಭಕ್ತರ ಮನಸ್ಸಿನಲ್ಲಿ ಅಂಗಡಿಯೇ ಬೇರೆ, ಪೂಜೆಯೇ ಬೇರೆ. ಬೆಳಗಿನ ಲಿಂಗಾರ್ಚನೆಯನ್ನು ನಿಷ್ಠೆಯಿಂದ ಮುಗಿಸಿ, ವಿಭೂತಿ ಧರಿಸಿ ಅಂಗಡಿಯ ಬಾಗಿಲು ತೆರೆದೊಡನೆ ಅದು ಹೊಟ್ಟೆಯ ವ್ಯವಹಾರವೆಂದು ಭಾವಿಸುತ್ತಾರೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಕಳಚಿಬಿದ್ದರೂ ಕಾಯಕವನ್ನು ನಿಲ್ಲಿಸದ ಚಂದಯ್ಯನ ಕಥೆಯನ್ನು ಇಂತಹವರೂ ಪುರಾಣದಲ್ಲಿ ಕೇಳಿ ತಲೆದೂಗಿದವರೇ. ಹಾಗಾದರೆ ವೆಲ್ಡಿಂಗ್ ಕಾಯಕದಲ್ಲಿ ಶುದ್ಧಿಯ ಸ್ಥಾನವು ಯಾವುದು? ಇದನ್ನು ತಿಳಿಯಲು ಆ ಯಂತ್ರದ ಬಗೆಯನ್ನು ಕೊಂಚ ಅರಿಯಬೇಕು.

ಯಂತ್ರವು 230 ವೋಲ್ಟಿನ ಅಥವಾ ಮೂರು ಫೇಸಿನ 415 ವೋಲ್ಟಿನ ವಿದ್ಯುತ್ತನ್ನು ಪಡೆದು, ಅದರ ಒತ್ತಡವನ್ನು ಇಳಿಸಿ ಪ್ರವಾಹವನ್ನು ಏರಿಸಿ ಕೊಡುತ್ತದೆ. (ವಿದ್ಯುತ್ತು ಈ ಸೀಮೆಗೆ ಹೊಸತೇನಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಬಲದಿಂದ ಅದನ್ನು ಉತ್ಪಾದಿಸಿ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ಪಕ್ಕದ ಹಳ್ಳಿಗಳಿಗೆ ದೀಪ ಬರಲು ಮಾತ್ರ ದಶಕಗಳೇ ಹಿಡಿದವು.) 3.15 ಮಿಲಿಮೀಟರು ದಪ್ಪದ ಕಡ್ಡಿಗೆ ಸುಮಾರು 100 ಆಂಪಿಯರು ಹರಿಯಬೇಕು. ಕಡ್ಡಿಯ ತುದಿಯನ್ನು ಕಬ್ಬಿಣಕ್ಕೆ ತಾಕಿಸಿ ಎಳ್ಳುಕಾಳಿನಷ್ಟು ಮೇಲೆತ್ತಿದರೆ ಆ ಸಂದಿನಲ್ಲಿ ಬೆಂಕಿ ಹುಟ್ಟುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಈ ಬೆಂಕಿಯಲ್ಲಿ ಅದರ ಹಲವು ಪಟ್ಟು ಶಾಖವಿದೆ. ಎರಡು ತುಂಡುಗಳ ಅಂಚೂ ಕಡ್ಡಿಯ ತುದಿಯೂ ಕರಗಿ ನೀರಾಗಿ ಒಂದಾಗುತ್ತವೆ. ಕಡ್ಡಿಯ ಮೇಲಣ ಲೇಪವು ಉರಿದು ಗಾಳಿಯನ್ನು ತಡೆಯುತ್ತದೆ; ಅದರ ಉಳಿಕೆಯೇ ಆರಿದ ಬೆಸುಗೆಯ ಮೇಲೆ ಕಿಟ್ಟವಾಗಿ ಕೂಡುತ್ತದೆ. ಲೇಪವಿರುವ ಇಂತಹ ಕಡ್ಡಿಯನ್ನು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಳಕೆಗೆ ತಂದವನು ಸ್ವೀಡನ್ ದೇಶದ ಆಸ್ಕರ್ ಷೆಲ್‌ಬೆರ್ಗ್.

ಸುತ್ತಿಗೆಯಿಂದ ಕಿಟ್ಟವನ್ನು ಕುಟ್ಟಿ ತೆಗೆದಾಗ ಬೆಸುಗೆಯ ಮುಖ ಕಾಣುತ್ತದೆ. ಕೆಲಸದ ಕಷ್ಟವಿರುವುದು ಇಲ್ಲಿಯೇ. ಮುಖವು ಮೀನಿನ ಹುರುಪೆಯಂತೆ ಒಪ್ಪವಾಗಿದ್ದರೂ ಒಳಗೆ ಕಬ್ಬಿಣವು ಕಬ್ಬಿಣದೊಡನೆ ಕೂಡದೆ ಇರಬಹುದು. ತುಕ್ಕನ್ನೂ ಬಣ್ಣವನ್ನೂ ಎಣ್ಣೆಯನ್ನೂ ಉಜ್ಜಿ ತೆಗೆಯದೆ ಬೆಸೆದರೆ ಒಳಗೆ ಗುಳ್ಳೆಗಳು ನಿಲ್ಲುತ್ತವೆ. ದಪ್ಪ ಪಟ್ಟಿಯ ಅಂಚನ್ನು ಓರೆಯಾಗಿ ಕೊರೆಯದೆ, ಆಂಪಿಯರು ಕಡಮೆ ಇಟ್ಟು ಕೈ ಬೇಗ ಓಡಿಸಿದರೆ ಕರಗಿದ ಲೋಹವು ಬುಡಕ್ಕಿಳಿಯದೆ ಮೇಲೆಯೇ ಕೂಡುತ್ತದೆ. ಅದರ ಮೇಲೆ ಬಣ್ಣ ಬಿದ್ದಿತೆಂದರೆ ಕೊಂಡವನಿಗೆ ತಿಳಿಯುವ ಬಗೆಯಿಲ್ಲ. ಬೆಸೆದವನಿಗೆ ಮಾತ್ರ ತಿಳಿದಿರುತ್ತದೆ, ಅವನೆದೆಯ ಮೇಲಿರುವ ಲಿಂಗಕ್ಕೂ ತಿಳಿದಿರುತ್ತದೆ.

ಕಿಟಕಿಯ ಸರಳೊಂದು ಬಿಟ್ಟರೆ ದೊಡ್ಡ ಕೇಡಿಲ್ಲ. ಆದರೆ ಟ್ರೈಲರಿನ ಕೊಂಡಿಯ ಮಾತು ಹಾಗಲ್ಲ. ಅನೇಕ ಟನ್ನು ಕಬ್ಬು ಹೇರಿಕೊಂಡು ಇಳಿಜಾರಿನಲ್ಲಿ ಸಾಗುವ ಟ್ರೈಲರಿನ ಭಾರವನ್ನೆಲ್ಲ ಎಳೆಯುವುದು ಅಂಗೈಯಗಲದ ಆ ಒಂದು ಬೆಸುಗೆ. ಅದು ಕಳಚಿದರೆ ಎದುರಿನ ಸೈಕಲ್ಲಿನವನಿಗಾಗಲಿ, ಶಾಲೆ ಬಿಟ್ಟು ನಡೆದುಬರುವ ಮಕ್ಕಳಿಗಾಗಲಿ ಓಡಲು ಎಡೆಯಿಲ್ಲ. ಗಿರಾಕಿಯು ಅವಸರಪಡಿಸಿದನು, ಬೆಲೆಯಲ್ಲಿ ಚೌಕಾಸಿ ಮಾಡಿದನು ಎಂಬ ಮಾತು ಅಂಗಡಿಯವನಿಂದ ಬರುವುದುಂಟು. ಅದು ಸುಳ್ಳೂ ಅಲ್ಲ. ಆದರೆ ಆ ಬೆಲೆಗೆ ಆಗದೆಂದು ಹೇಳಿ ಕೊಂಡಿಯನ್ನು ಹಿಂದಕ್ಕೆ ಕೊಡುವ ದಾರಿ ತೆರೆದೇ ಇತ್ತಲ್ಲವೆ?

ಆಯ್ದಕ್ಕಿ ಲಕ್ಕಮ್ಮನನ್ನು ಇಲ್ಲಿ ನೆನೆಯಬೇಕು. ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದಳು. ಮಾರಯ್ಯನು ಕದ್ದಿರಲಿಲ್ಲ, ಅಂಗಳದಲ್ಲಿ ಬಿದ್ದುದನ್ನೇ ಆಯ್ದಿದ್ದನು. ಅದೇ ಸಲ್ಲದಾದರೆ, ಬುಡದವರೆಗೆ ಬೆಸೆದೆನೆಂದು ಹೇಳಿ ಮೇಲಷ್ಟೇ ಬೆಸೆದು ಪಡೆದ ಹಣವು ಯಾವ ದಾಸೋಹಕ್ಕೆ ಸಂದೀತು? ಅಂತಹ ಹಣದಿಂದ ಮಠಕ್ಕೆ ಕಬ್ಬಿಣದ ಬಾಗಿಲು ಮಾಡಿಸಿಕೊಟ್ಟರೂ ಲಕ್ಕಮ್ಮನು ಅದನ್ನು ಒಪ್ಪುತ್ತಿರಲಿಲ್ಲ. (ಬಾಗಿಲಿನ ಮೇಲೆ ದಾನಿಯ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬೆಸೆಯಿಸುವ ಉತ್ಸಾಹದ ಮಾತು ಬೇರೆಯೇ ಇದೆ.)

ಕಣ್ಣಿಗೆ ಕಾಣದುದು ಇನ್ನೊಂದುಂಟು. ಆ ನೀಲಿಯ ಬೆಳಕಿನೊಡನೆ ಅತಿನೇರಳೆ ಕಿರಣಗಳೂ ಹೊರಡುತ್ತವೆ. ಬೆಸೆಯುವ ಯಜಮಾನನ ಮುಖಕ್ಕೆ 10 ಅಥವಾ 11ನೆಯ ನಂಬರಿನ ಕಪ್ಪು ಗಾಜಿನ ಪರದೆಯಿರುತ್ತದೆ. ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ತುಂಡನ್ನು ಹಿಡಿದುಕೊಂಡಿರುವ ಹುಡುಗನಾದರೋ ಮುಖವನ್ನು ಅತ್ತ ತಿರುಗಿಸುತ್ತಾನೆ, ಅಷ್ಟೆ. ಆ ಕ್ಷಣದಲ್ಲಿ ನೋವಿಲ್ಲ. ಕೆಲವು ಗಂಟೆಗಳು ಕಳೆದು, ಉಂಡು ಮಲಗಿದ ಮೇಲೆ ಕಣ್ಣಿನಲ್ಲಿ ಮರಳು ತುಂಬಿದಂತೆ ಉರಿ ಏಳುತ್ತದೆ, ನೀರು ಸುರಿಯುತ್ತದೆ, ರೆಪ್ಪೆ ತೆರೆಯಲಾಗದು. ತಾಯಿಯು ಆಲೂಗಡ್ಡೆಯ ಬಿಲ್ಲೆಯನ್ನು ಕಣ್ಣಿನ ಮೇಲಿಟ್ಟು ರಾತ್ರಿಯೆಲ್ಲ ಪಕ್ಕದಲ್ಲಿ ಕೂಡುತ್ತಾಳೆ. ಬೆಳಗಾದರೆ ಮತ್ತೆ ಅದೇ ಅಂಗಡಿ, ಅದೇ ಬೆಳಕು. ಆ ಹೊತ್ತಿಗೆ ಯಜಮಾನನು ನಿದ್ರೆ ಮುಗಿಸಿ, ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವನ್ನಿರಿಸಿ ಕಣ್ಣು ನೆಟ್ಟು ಕುಳಿತಿರುತ್ತಾನೆ. ಎರಡನೆಯದೊಂದು ಪರದೆಗೆ ತಗಲುವ ವೆಚ್ಚವು ಜಾತ್ರೆಯ ದಿನ ಗದ್ದುಗೆಗೆ ಏರಿಸುವ ಹೂವಿನ ಹಾರದ ಬೆಲೆಗಿಂತ ಹೆಚ್ಚಿನದೇನಲ್ಲ.