ಹೋರಿ ತಿದ್ದುವ ಹೊತ್ತು

ರಾಯಚೂರು ಜಿಲ್ಲೆಯ ದೇವದುರ್ಗ ಕಡೆಯ ಎರೆಹೊಲಗಳಲ್ಲಿ ಮುಂಗಾರಿಗೆ ಮುನ್ನ ಈಗಲೂ ಅಲ್ಲಲ್ಲಿ ಒಂದು ನೋಟ ಕಾಣಸಿಗುತ್ತದೆ. ನೊಗದ ಒಂದು ಕಡೆ ಪಳಗಿದ ಮುದಿ ಎತ್ತು, ಇನ್ನೊಂದು ಕಡೆ ಇನ್ನೂ ನೊಗ ಕಾಣದ ಎಳೆ ಹೋರಿ. ಹಿಂದೆ ಕಟ್ಟಿರುವುದು ಬರೀ ಒಂದು ಮರದ ಕೊರಡು. ಹೋರಿ ಕೊರಳು ಕೊಡವುತ್ತದೆ, ಅಡ್ಡಡ್ಡ ಎಳೆಯುತ್ತದೆ, ಸಿಟ್ಟು ಬಂದರೆ ನೆಲಕ್ಕೆ ಮಲಗಿಯೇ ಬಿಡುತ್ತದೆ. ಮುದಿ ಎತ್ತು ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತ ನಿಂತಿರುತ್ತದೆ. ಮಲಗಿದ ಹೋರಿಯ ನೊಗವನ್ನು ತಿಳಿದವರು ಅಲ್ಲೇ ಬಿಚ್ಚುವುದಿಲ್ಲ. ಬಿಚ್ಚಿದರೆ, ಮಲಗಿದರೆ ಬಿಡುಗಡೆ ಎಂಬ ಪಾಠವನ್ನೇ ಅದು ಕಲಿತುಬಿಡುತ್ತದೆ. ಎಬ್ಬಿಸಿ, ನಾಲ್ಕು ಹೆಜ್ಜೆ ನಡೆಸಿ, ಬೆನ್ನು ಸವರಿ, ಆಮೇಲೆ ಬಿಚ್ಚುತ್ತಾರೆ. ಇದಕ್ಕೆ ನಮ್ಮ ಕಡೆ ‘ಹೋರಿ ತಿದ್ದೋದು’ ಅಂತಾರೆ.

ಅದೇ ಮಾತು ಶಾಲೆಯಲ್ಲೂ ಇದೆ. ಸ್ಲೇಟಿನ ಮೇಲೆ ಮೇಷ್ಟ್ರು ‘ಅ’ ಬರೆದುಕೊಟ್ಟರೆ ಮಗು ಅದರ ಮೇಲೆಯೇ ಬಳಪ ಆಡಿಸಿ ಅಕ್ಷರ ತಿದ್ದುತ್ತದೆ. ತಿದ್ದಬೇಕಾದರೆ ಕೆಳಗೊಂದು ಗೆರೆ ಮೊದಲೇ ಮೂಡಿರಬೇಕು. ಹಾಗಾದರೆ ಹೋರಿಯೊಳಗೆ ಮೊದಲೇ ಮೂಡಿದ ಗೆರೆ ಯಾವುದು?

ಕೊಟ್ಟಿಗೆಯಲ್ಲಿ ಆಗಷ್ಟೇ ಹುಟ್ಟಿದ ಕರುವನ್ನು ನೋಡಿ. ತಾಯಿ ನೆಕ್ಕುತ್ತಿರುವಾಗಲೇ ನಡುಗುವ ಕಾಲೂರಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಎದ್ದದ್ದೇ ಮೂತಿ ಚಾಚಿ ಮೊಲೆ ಹುಡುಕುತ್ತದೆ. ಆದರೆ ಮೊದಲು ಹೋಗುವುದು ಎಷ್ಟೋ ಸಲ ತಾಯಿಯ ಮುಂಗಾಲಿನ ಸಂದಿಗೆ! ಹುಡುಕಬೇಕೆಂಬುದು ಹುಟ್ಟಿನಿಂದ ಬಂದದ್ದು. ಕೆಚ್ಚಲು ಇರುವುದು ಹಿಂದೆ ಎಂಬುದು ತಡಕಾಡಿ ಕಲಿತದ್ದು. ದನ ಹಿಂಡಿನ ಪ್ರಾಣಿ, ಜೊತೆಯದು ನಡೆದರೆ ತಾನೂ ನಡೆಯುತ್ತದೆ. ಆ ಗೆರೆಯ ಮೇಲೆಯೇ ರೈತ ನೊಗ ಹೂಡುತ್ತಾನೆ. ಮುದಿ ಎತ್ತನ್ನು ಪಕ್ಕಕ್ಕೆ ಕಟ್ಟುವ ಗುಟ್ಟು ಇದು.

ಎಲ್ಲ ಜೀವಿಗಳಲ್ಲೂ ತಿದ್ದುವ ಜಾಗ ಒಂದೇ ಅಳತೆಯದಲ್ಲ. ರಾಯಚೂರಿನ ಉರಿಬಿಸಿಲಲ್ಲಿ ಬೇವಿನ ಮರದಿಂದ ಕೂಗುವ ಗಂಡು ಕೋಗಿಲೆ ಬೆಳೆದದ್ದು ಕಾಗೆಯ ಗೂಡಿನಲ್ಲಿ, ತಿಂದದ್ದು ಕಾಗೆಯ ತುತ್ತು. ಹೆತ್ತವರ ಆಸರೆ ಅದಕ್ಕೆ ಸಿಕ್ಕಿದ್ದು ಕಡಿಮೆ. ಆದರೂ ದೊಡ್ಡದಾದ ಮೇಲೆ ಅದರ ಕೊರಳಿಂದ ಬರುವುದು ಕುಹೂ. ಆ ಹಾಡು ಒಳಗೇ ಅಚ್ಚಾಗಿ ಬಂದಿದೆ.

ಮಾನ್ವಿ ಕಡೆ ಹೋದರೆ ಇನ್ನೊಂದು ಬಗೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಗಂಡು ಗೀಜಗ ಭತ್ತದ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರುತ್ತ ಉದ್ದನೆಯ ಎಳೆ ಸೀಳಿಕೊಂಡು ಹೋಗುತ್ತದೆ. ಅಂಥ ನೂರಾರು ಎಳೆ ಸೇರಿಸಿ ಅರ್ಧ ಗೂಡು ನೇಯ್ದು, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಅದಕ್ಕೆ ಒಪ್ಪಿಗೆಯಾದರಷ್ಟೇ ಗೂಡು ಪೂರ್ತಿ. ನೇಯುವ ಹಂಬಲ ಹುಟ್ಟಿನದು, ಕೈಚಳಕ ಅಭ್ಯಾಸದ್ದು. ಎಳೆಯ ಗಂಡುಗಳು ನೇಯುವ ಒರಟು ಗೂಡುಗಳನ್ನು ನೋಡಿದರೆ ಇದು ತಿಳಿಯುತ್ತದೆ. ಅಮೆರಿಕದ ಪಕ್ಷಿತಜ್ಞ ದಂಪತಿ ನಿಕೋಲಸ್ ಮತ್ತು ಎಲ್ಸಿ ಕೊಲಿಯಾಸ್ ಆಫ್ರಿಕಾದ ನೇಕಾರ ಹಕ್ಕಿಯ ಮರಿಗಳನ್ನು ಹುಲ್ಲು, ಗರಿ ಏನೂ ಸಿಗದಂತೆ ಬೆಳೆಸಿ ನೋಡಿದ್ದರು. ಬೆಳೆದ ಮೇಲೆ ಗರಿ ಕೊಟ್ಟರೆ ಅವು ಮೊದಮೊದಲು ಎಳೆಯೊಂದನ್ನು ನೇಯಲೂ ತಡವರಿಸಿದವು. 1964ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದಿಷ್ಟು: ಗೆರೆ ಇದ್ದರೂ ಕಾಲಕ್ಕೆ ಸರಿಯಾಗಿ ತಿದ್ದದಿದ್ದರೆ ಅಕ್ಷರ ಸೊಟ್ಟಗಾಗುತ್ತದೆ.

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಸೀಟಿ, ತಮಟೆ, ಕೂಗಾಟದ ನಡುವೆಯೂ ಎತ್ತಿನ ಕಿವಿ ತಿರುಗುವುದು ತನ್ನನ್ನು ಸಾಕಿದವನ ದನಿಯ ಕಡೆಗೇ. ಬೆದರಿ ಓಡುವ ಹುಟ್ಟುಗುಣವನ್ನು ಆ ಒಂದು ದನಿ ಹಿಡಿದು ನಿಲ್ಲಿಸಿರುತ್ತದೆ. ಅದು ಒಂದು ದಿನದ ತಿದ್ದುವಿಕೆಯಿಂದ ಬಂದದ್ದಲ್ಲ.

ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗಿಂತಲೂ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ ತಂದ ಚಿತ್ರವನ್ನೂ ಅಲ್ಲೇ ಕಲ್ಲಿನಲ್ಲಿ ಬಿಡಿಸಿದ್ದಾರೆ: ಉದ್ದಕ್ಕೆ ಹೂಡಿದ ಕೋಣಗಳ ಸಾಲು, ಅವನ್ನು ಹುರಿದುಂಬಿಸುವ ಆಳುಗಳು. ಕೋಣ ಮೊಂಡು ಎಂದು ಬೈಯುವ ನಾವು ಆ ಸಾಲನ್ನೊಮ್ಮೆ ನೋಡಬೇಕು. ಒಂದು ಕೋಣ ಅಡ್ಡ ತಿರುಗಿದ್ದರೂ ಬಂಡಿ ನಿಲ್ಲುತ್ತಿತ್ತು.

ಜೂನ್ ಬಂತೆಂದರೆ ಶಾಲೆಗಳೂ ತೆರೆಯುತ್ತವೆ, ಹೊಲದಲ್ಲಿ ಬಿತ್ತನೆಯೂ ಶುರುವಾಗುತ್ತದೆ. ಮಗು ಹಟ ಹಿಡಿದು ಕುಳಿತಾಗ ಕೈ ಎತ್ತುವ ಮೊದಲು, ಇದರೊಳಗೆ ಯಾವ ಗೆರೆ ಇದೆ, ಇದು ಯಾರ ಪಕ್ಕ ನಡೆದರೆ ನಡೆದೀತು ಎಂದು ಒಂದು ಗಳಿಗೆ ಯೋಚಿಸಬಹುದು. ದೇವದುರ್ಗದ ಹೊಲದಲ್ಲಿ ಮಲಗಿದ ಹೋರಿಯ ಪಕ್ಕ ಆ ರೈತನಂತೂ ಅಷ್ಟು ಹೊತ್ತು ಸುಮ್ಮನೆ ಕೂತಿರುತ್ತಾನೆ.